ಚುಚ್ಚಿದ್ದೇನೆ, ಆದರೂ ಕಂಪ್ಯೂಟರ್‌ಗೆ ಕಾಣುತ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಿಂಟರ್ ಇರಲಿ, ಹೊರಗಿನ ಹಾರ್ಡ್ ಡಿಸ್ಕ್ ಇರಲಿ, ಅಂಗೈಯಗಲದ ಮೈಕ್ರೊಕಂಟ್ರೋಲರ್ ಬೋರ್ಡ್ (ನಾವೇ ಪ್ರೋಗ್ರಾಂ ಹಾಕುವ ಪುಟ್ಟ ಸರ್ಕ್ಯೂಟ್) ಇರಲಿ, ಎಲ್ಲರೂ ಹೇಳುವುದು ಒಂದೇ ಮಾತು: "ಕನೆಕ್ಟ್ ಆಗುತ್ತಿಲ್ಲ." ಆ ಒಂದು ಮಾತಿನೊಳಗೆ ನಾಲ್ಕು ಬೇರೆ ಬೇರೆ ತೊಂದರೆಗಳಿರುತ್ತವೆ. ಸಾಧನಕ್ಕೆ ಕರೆಂಟೇ ಹೋಗದೆ ಇರಬಹುದು. ಕರೆಂಟ್ ಹೋದರೂ ಕಂಪ್ಯೂಟರ್ ಅದನ್ನು ಗುರುತಿಸದೆ ಇರಬಹುದು. ಗುರುತಿಸಿದರೂ ಡ್ರೈವರ್, ಅಂದರೆ ಆ ಸಾಧನವನ್ನು ನಡೆಸಲು ಕಂಪ್ಯೂಟರ್‌ಗೆ ಬೇಕಾದ ಪುಟ್ಟ ಪ್ರೋಗ್ರಾಂ, ಇಲ್ಲದಿರಬಹುದು. ಇಷ್ಟೆಲ್ಲ ಸರಿ ಇದ್ದು, ನೀವು ಬಳಸುವ ಪ್ರೋಗ್ರಾಂ ಮಾತ್ರ ಅದರ ಜೊತೆ ಮಾತಾಡದೆ ಇರಬಹುದು. ಯಾವ ಮೆಟ್ಟಿಲಲ್ಲಿ ಎಡವಿದ್ದೇವೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಅದು ಗೊತ್ತಾಗುವ ಮೊದಲೇ ಡ್ರೈವರ್ ಹುಡುಕಿಕೊಂಡು ಹೊರಟರೆ ಆ ಸಂಜೆ ಹೋಯಿತು ಅಂತಲೇ ಲೆಕ್ಕ.

ಕೆಳಗಿರುವುದು ಹೆಚ್ಚಾಗಿ ಯುಎಸ್‌ಬಿ ವಿಚಾರ. ಈಗ ಹೊರಗಿನಿಂದ ಜೋಡಿಸುವ ಸಾಮಾನಿನಲ್ಲಿ ಬಹುಪಾಲು ಅದೇ ಅಲ್ವಾ.

ಪ್ರಶ್ನೆ: ಮೊದಲು ಏನು ನೋಡಬೇಕು?

ವಿಂಡೋಸ್ ಆದರೆ ಡಿವೈಸ್ ಮ್ಯಾನೇಜರ್ (ಜೋಡಿಸಿದ ಸಾಧನಗಳ ಪಟ್ಟಿ ತೋರಿಸುವ ಕಿಟಕಿ) ತೆರೆದಿಟ್ಟುಕೊಳ್ಳಿ. ಸಾಧನವನ್ನು ಕಿತ್ತು, ಐದು ಸೆಕೆಂಡ್ ಬಿಟ್ಟು, ಮತ್ತೆ ಚುಚ್ಚಿ. ಕಣ್ಣು ಆ ಪಟ್ಟಿಯ ಮೇಲೇ ಇರಲಿ. ಚುಚ್ಚಿದ ಕ್ಷಣ ಪಟ್ಟಿ ಒಮ್ಮೆ ಮಿಣುಕಿ ಹೊಸದಾಗಿ ಬರೆದುಕೊಂಡರೆ ಕಂಪ್ಯೂಟರ್‌ಗೆ "ಯಾರೋ ಬಂದರು" ಅನ್ನುವುದು ತಿಳಿದಿದೆ. ಏನೂ ಅಲ್ಲಾಡದಿದ್ದರೆ, ಸದ್ದೂ ಬರದಿದ್ದರೆ, ತೊಂದರೆ ಕೇಬಲ್, ಪೋರ್ಟ್, ಇಲ್ಲವೇ ಸಾಧನದ್ದು. ಆಗ ಡ್ರೈವರ್ ತಂಟೆಗೇ ಹೋಗಬೇಡಿ.

ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು ಡಿಎಂಇಎಸ್‌ಜಿ ಕಮಾಂಡ್ (sudo dmesg -w) ಓಡಿಸಿಟ್ಟು ಚುಚ್ಚಿ. ಏನು ಬಂತು, ಏನು ಹೋಯಿತು, ಯಾಕೆ ಹೋಯಿತು ಎಲ್ಲ ಸಾಲು ಸಾಲಾಗಿ ಬರುತ್ತದೆ. ಮ್ಯಾಕ್‌ನಲ್ಲಿ ಸಿಸ್ಟಂ ಇನ್ಫರ್ಮೇಶನ್ ಒಳಗಿನ ಯುಎಸ್‌ಬಿ ಭಾಗ ನೋಡಿ. ಅದು ತಾನಾಗಿ ಬದಲಾಗಲಿಲ್ಲ ಅಂದರೆ ರಿಫ್ರೆಶ್ ಮಾಡಿ.

ಪ್ರಶ್ನೆ: ಸಾಧನದ ಲೈಟ್ ಉರಿಯುತ್ತಿದೆ. ಹಾಗಾದರೆ ಕೇಬಲ್ ಸರಿ ಇದೆ ಅಂತ ಅರ್ಥ ಅಲ್ವಾ?

ಅಲ್ಲ. ಎಲ್ಲರೂ ಬೀಳುವ ಹಳ್ಳ ಇದೇ, ನಾನೂ ಬಿದ್ದಿದ್ದೇನೆ.

ಸಾಮಾನ್ಯ ಯುಎಸ್‌ಬಿ 2.0 ಕೇಬಲ್ ಒಳಗೆ ನಾಲ್ಕು ತಂತಿಗಳಿರುತ್ತವೆ. ಕೆಂಪು ಮತ್ತು ಕಪ್ಪು 5 ವೋಲ್ಟ್ ಕರೆಂಟಿಗೆ, ಬಿಳಿ ಮತ್ತು ಹಸಿರು ಡೇಟಾಗೆ. ಚಾರ್ಜಿಂಗ್‌ಗೆ ಅಂತಲೇ ಮಾಡಿದ ಅಗ್ಗದ ಕೇಬಲ್‌ಗಳಲ್ಲಿ ಬಿಳಿ, ಹಸಿರು ಇರುವುದೇ ಇಲ್ಲ. ಲೈಟ್ ಚೆನ್ನಾಗಿ ಉರಿಯುತ್ತದೆ, ಕಂಪ್ಯೂಟರ್‌ಗೆ ಮಾತ್ರ ಒಂದಕ್ಷರವೂ ಹೋಗುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಅವಳಿಜವಳಿ. ಒಮ್ಮೆ ಒಂದು ಬೋರ್ಡಿಗೆ ಪ್ರೋಗ್ರಾಂ ಹಾಕಲು ಕೂತು, ಮೂರು ಗಂಟೆ ಡ್ರೈವರ್ ತೆಗೆದು, ಹಾಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಕೊನೆಗೆ ಬೋರ್ಡೇ ಸತ್ತಿದೆ ಅಂತ ಎತ್ತಿಡಲು ಹೋದಾಗ ನೋಡಿದರೆ, ಆ ಕೇಬಲ್ ಒಂದು ಹೆಡ್‌ಫೋನ್ ಜೊತೆ ಬಂದಿದ್ದು. ಬೇರೆ ಕೇಬಲ್ ಹಾಕಿದ ಮರುಕ್ಷಣ ಟಿಣ್ ಅಂತ ಸದ್ದು ಬಂತು. ಅವತ್ತಿನಿಂದ ಚಾರ್ಜಿಂಗ್ ಕೇಬಲ್‌ಗಳ ಕತ್ತಿಗೆ ಕೆಂಪು ಟೇಪ್ ಸುತ್ತಿಟ್ಟಿದ್ದೇನೆ.

ಪರೀಕ್ಷೆ ಸುಲಭ. ಅದೇ ಕೇಬಲ್‌ನಲ್ಲಿ ಒಂದು ಫೋನ್ ಜೋಡಿಸಿ, ಫೋನ್‌ನಲ್ಲಿ ಫೈಲ್ ಟ್ರಾನ್ಸ್‌ಫರ್ ಆರಿಸಿ. ಫೋಟೊಗಳು ಕಂಪ್ಯೂಟರ್‌ನಲ್ಲಿ ಕಂಡರೆ ಡೇಟಾ ತಂತಿ ಇದೆ. ಕಾಣದಿದ್ದರೆ ಅದು ಚಾರ್ಜಿಂಗ್ ಕೇಬಲ್, ಇಲ್ಲ ಒಳಗೆ ತುಂಡಾಗಿದೆ. ಕೇಬಲ್ ಒಳಗೊಳಗೇ ಮುರಿಯುವುದು ಸಾಮಾನ್ಯವಾಗಿ ಕನೆಕ್ಟರ್‌ನಿಂದ ಎರಡು ಬೆರಳು ಅಂತರದೊಳಗೆ, ಮಡಚಿ ಮಡಚಿ ಸುಸ್ತಾದ ಜಾಗದಲ್ಲಿ. ಅಲ್ಲಿ ಮೆಲ್ಲಗೆ ಬಗ್ಗಿಸಿದಾಗ ಬಂದು ಹೋಗಿ ಮಾಡಿದರೆ ಆ ಕೇಬಲ್ ಕಸದ ಬುಟ್ಟಿಗೆ. ಮತ್ತೆ ಡ್ರಾಯರ್‌ಗೆ ಹಾಕಿದರೆ ಆರು ತಿಂಗಳ ನಂತರ ನಿಮ್ಮನ್ನೇ ಮತ್ತೆ ಕಾಡುತ್ತದೆ.

ಪ್ರಶ್ನೆ: ಯಾವ ಪೋರ್ಟಿಗೆ ಹಾಕಿದರೂ ಒಂದೇ ಅಲ್ವಾ?

ಒಂದೇ ಆಗಬೇಕಿತ್ತು, ಆದರೆ ಅಲ್ಲ. ಡೆಸ್ಕ್‌ಟಾಪ್‌ನ ಮುಂದಿನ ಪೋರ್ಟ್‌ಗಳು ಒಳಗೊಂದು ತಂತಿ ಹಿಡಿದು ಮದರ್‌ಬೋರ್ಡ್ ತಲುಪುತ್ತವೆ, ಹಿಂದಿನವು ನೇರವಾಗಿ ಮದರ್‌ಬೋರ್ಡ್ ಮೇಲೇ ಇರುತ್ತವೆ. ಅದಕ್ಕೆ ಪರೀಕ್ಷೆ ಮಾಡುವಾಗ ಹಿಂದಿನ ಪೋರ್ಟ್ ಬಳಸಿ. ಹಬ್ (ಒಂದು ಪೋರ್ಟನ್ನು ಹಲವು ಮಾಡುವ ಡಬ್ಬಿ), ಎಕ್ಸ್‌ಟೆನ್ಶನ್, ಡಾಕ್ ಎಲ್ಲ ತೆಗೆದು ನೇರವಾಗಿ ಜೋಡಿಸಿ. ಉದ್ದವೂ ಲೆಕ್ಕಕ್ಕೆ ಬರುತ್ತದೆ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ದಾಟಬಾರದು, 3.0 ಆದರೆ 3 ಮೀಟರ್ ಆಸುಪಾಸಿನಲ್ಲೇ ನಿಲ್ಲಿಸುವುದು ಒಳ್ಳೆಯದು.

ಇನ್ನೊಂದು, ಯುಎಸ್‌ಬಿ-ಸಿ ಪೋರ್ಟ್‌ನ ತೂತಿನೊಳಗೆ ಜೇಬಿನ ದೂಳು, ಬಟ್ಟೆಯ ನಾರು ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಕನೆಕ್ಟರ್ ಕಟ್ ಅಂತ ಪೂರ್ತಿ ಕೂರದಿದ್ದರೆ ಟಾರ್ಚ್ ಹಾಕಿ ನೋಡಿ. ಪವರ್ ಆಫ್ ಮಾಡಿ, ಮರದ ಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಸೂಜಿ, ಪಿನ್ನು ಮಾತ್ರ ಬೇಡ.

ಪ್ರಶ್ನೆ: ಹೊರಗಿನ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತದೆ, ಆಮೇಲೆ ಮಾಯ. ಯಾಕೆ?

ಮೊದಲ ಅನುಮಾನ ಕರೆಂಟಿನ ಮೇಲೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪಿಯರ್, 3.0 ಪೋರ್ಟ್ 900. ತಿರುಗುವ ಡಿಸ್ಕ್ ಶುರುವಿನಲ್ಲಿ ವೇಗ ಹಿಡಿಯುವಾಗಲೇ ಅದಕ್ಕೆ ಜಾಸ್ತಿ ಕರೆಂಟ್ ಬೇಕು. ಸಾಕಾಗದಿದ್ದರೆ ತಿರುಗಲು ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಹೋಗುತ್ತದೆ. ಅದೇ ಟಿಕ್ ಟಿಕ್. ಸ್ವಂತ ಅಡಾಪ್ಟರ್ ಇರುವ ಹಬ್‌ಗೆ ಹಾಕಿ ನೋಡಿ. ತೆಳ್ಳಗಿನ ಉದ್ದ ಕೇಬಲ್ ಇದ್ದರೆ ಬದಲಿಸಿ, ವೋಲ್ಟೇಜ್ ಅದರಲ್ಲೇ ಬಿದ್ದುಹೋಗುತ್ತದೆ.

ಆದರೆ ಬೇರೆ ಕೇಬಲ್, ಬೇರೆ ಕಂಪ್ಯೂಟರ್, ಪವರ್ ಇರುವ ಹಬ್, ಎಲ್ಲದರಲ್ಲೂ ಅದೇ ಸದ್ದು ಬಂದರೆ ಡಿಸ್ಕ್ ಒಳಗೇ ಕೆಟ್ಟಿದೆ. ಆಗ ಇನ್ನೊಂದು ಸಲ, ಇನ್ನೊಂದು ಸಲ ಅಂತ ಚುಚ್ಚುತ್ತಾ ಕೂರಬೇಡಿ. ಪ್ರತಿ ಪ್ರಯತ್ನಕ್ಕೂ ಉಳಿದಿರುವ ಡೇಟಾ ಹಾಳಾಗುವ ಅಪಾಯ ಇದೆ. ಬೇಕೇ ಬೇಕಾದ ಡೇಟಾ ಇದ್ದರೆ ಡೇಟಾ ರಿಕವರಿ ಮಾಡುವವರಿಗೆ ಕೊಡಿ.

ಪ್ರಶ್ನೆ: ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಬಂದಿದೆ. ಡ್ರೈವರ್ ಹಾಕಿದರೆ ಆಯ್ತಾ?

ಅದರ ಮೇಲೆ ಡಬಲ್ ಕ್ಲಿಕ್ ಮಾಡಿ, ಒಳಗೆ ಬರೆದಿರುವ ಕೋಡ್ ಓದಿ. ಕೋಡ್ 28 ಅಂದರೆ ಡ್ರೈವರ್ ಇಲ್ಲ, ಹಾಕಿದರೆ ಮುಗಿಯಿತು. ಕೋಡ್ 10 ಅಂದರೆ ಸಾಧನ ಶುರುವಾಗಲಿಲ್ಲ. ಡ್ರೈವರ್ ಹೊಂದದೆ ಇರಬಹುದು, ಸಾಧನದ ತಪ್ಪೂ ಇರಬಹುದು.

ಕೋಡ್ 43 ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಜಾಸ್ತಿ ಜನ ಸಮಯ ಕಳೆಯುವುದು ಇದರಲ್ಲೇ. ಇದರ ಜೊತೆ "ಅನ್‌ನೋನ್ ಯುಎಸ್‌ಬಿ ಡಿವೈಸ್, ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್" ಅಂತ ಇದೆಯಾ ನೋಡಿ. ಸಾಧನ ಚುಚ್ಚಿದಾಗ ಅದರೊಳಗಿನ ಒಂದು ಚಿಕ್ಕ ರೆಸಿಸ್ಟರ್ ಡೇಟಾ ತಂತಿಗಳಲ್ಲಿ ಒಂದರ ವೋಲ್ಟೇಜನ್ನು ಮೇಲಕ್ಕೆ ಎಳೆಯುತ್ತದೆ. ಅದರಿಂದ ಕಂಪ್ಯೂಟರ್‌ಗೆ ಬಾಗಿಲು ತಟ್ಟಿದ ಹಾಗೆ ಆಗುತ್ತದೆ. ಆಗ ಕಂಪ್ಯೂಟರ್ "ನೀನು ಯಾರು" ಅಂತ ಕೇಳುತ್ತದೆ. ಸಾಧನ ತನ್ನ ತಯಾರಕರ ನಂಬರ್, ಮಾಡೆಲ್ ನಂಬರ್ ಹೇಳಬೇಕು. ಕೋಡ್ 43ರಲ್ಲಿ ಬಾಗಿಲು ತಟ್ಟಿದ ಸದ್ದು ಕೇಳಿದೆ, ಉತ್ತರ ಬಂದಿಲ್ಲ, ಅಥವಾ ಬಂದದ್ದು ಅರ್ಥವಾಗಿಲ್ಲ. ಡೀಟೇಲ್ಸ್ ಟ್ಯಾಬ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿದರೆ ತಯಾರಕರ ಜಾಗದಲ್ಲಿ 0000 ಅಂತ ಇರುತ್ತದೆ. ಹೆಸರೇ ಹೇಳದವರಿಗೆ ಯಾವ ಡ್ರೈವರ್ ಅಂತ ಕೊಡುವುದು? ಹಾಗಾಗಿ ಕೇಬಲ್, ಪೋರ್ಟ್, ಪವರ್ ಈ ಮೂರನ್ನೇ ನೋಡಿ. ಲಿನಕ್ಸ್‌ನಲ್ಲಿ ಇದೇ ತೊಂದರೆ ಎರರ್ -71 ಅಥವಾ -110 ಅಂತ ಕಾಣುತ್ತದೆ.

ಒಮ್ಮೊಮ್ಮೆ ಕಂಪ್ಯೂಟರ್‌ನ ಪೋರ್ಟೇ ಮುನಿಸಿಕೊಂಡಿರುತ್ತದೆ. ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿದು, ಮತ್ತೆ ಶುರು ಮಾಡಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಅನ್ನುವುದು ಅರ್ಧ ನಿದ್ದೆ ಅಷ್ಟೇ. ರೀಸ್ಟಾರ್ಟ್ ಮಾಡಿದಾಗಲೇ ಎಲ್ಲ ಹೊಸದಾಗಿ ಶುರುವಾಗುವುದು.

ಪ್ರಶ್ನೆ: ಯಾವ ಡ್ರೈವರ್ ಬೇಕು ಅಂತ ಹೇಗೆ ಗೊತ್ತಾಗುತ್ತದೆ? ಡಬ್ಬದ ಮೇಲೆ ಏನೂ ಬರೆದಿಲ್ಲ.

ಡಬ್ಬ ಬಿಡಿ, ಹಾರ್ಡ್‌ವೇರ್ ಐಡಿ ನೋಡಿ. ಅದರಲ್ಲಿ ವಿಐಡಿ ಮತ್ತು ಪಿಐಡಿ ಅಂತ ಎರಡು ನಂಬರ್ ಇರುತ್ತವೆ, ಮೊದಲನೆಯದು ತಯಾರಕರದ್ದು, ಎರಡನೆಯದು ಆ ಸಾಮಾನಿನದ್ದು. ಉದಾಹರಣೆಗೆ ಯುಎಸ್‌ಬಿಯಿಂದ ಸೀರಿಯಲ್‌ಗೆ (ಡೇಟಾವನ್ನು ಒಂದೊಂದೇ ಬಿಟ್ ಆಗಿ ಕಳಿಸುವ ಹಳೆಯ ಬಗೆಯ ಸಂಪರ್ಕ) ಬದಲಿಸುವ ಅಡಾಪ್ಟರ್‌ಗಳಲ್ಲಿ ವಿಐಡಿ 0403 ಇದ್ದರೆ ಎಫ್‌ಟಿಡಿಐ ಕಂಪನಿಯ ಚಿಪ್, 1ಎ86 ಇದ್ದರೆ ಸಿಎಚ್340 ಜಾತಿಯದ್ದು. ಚಿಪ್ ತಯಾರಿಸಿದವರ ಸೈಟಿನಿಂದಲೇ ಡ್ರೈವರ್ ಇಳಿಸಿಕೊಳ್ಳಿ. "ನಿಮ್ಮ ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ" ಅನ್ನುವ ಪ್ರೋಗ್ರಾಂಗಳ ಹತ್ತಿರ ಸುಳಿಯಬೇಡಿ. ಒಂದು ತೊಂದರೆ ಬಿಡಿಸಲು ಹೋಗಿ ನಾಲ್ಕು ತಂದುಕೊಳ್ಳುತ್ತೀರಿ.

ನಕಲಿ ಚಿಪ್‌ಗಳ ಕಥೆ ಬೇರೆಯೇ. 2014ರಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಎಫ್‌ಟಿಡಿಐ ಡ್ರೈವರ್ ಒಂದು ನಕಲಿ ಚಿಪ್‌ಗಳ ಪಿಐಡಿಯನ್ನು ಸೊನ್ನೆ ಮಾಡಿಬಿಟ್ಟಿತ್ತು. ನಿನ್ನೆವರೆಗೆ ಓಡುತ್ತಿದ್ದ ಅಡಾಪ್ಟರ್‌ಗಳು ಬೆಳಗಾಗುವಷ್ಟರಲ್ಲಿ ಕಂಪ್ಯೂಟರ್‌ಗೆ ಅಪರಿಚಿತ. ಗಲಾಟೆ ಜೋರಾಗಿ ಆ ಡ್ರೈವರನ್ನು ಹಿಂದಕ್ಕೆ ತೆಗೆದುಕೊಂಡರು. ಇಂಥದ್ದೇ ಅಡಾಪ್ಟರ್‌ಗಳಲ್ಲಿರುವ ಪಿಎಲ್2303 ಚಿಪ್‌ನ ಹೊಸ ಡ್ರೈವರ್ ಕೂಡ ಹಳೆಯ ಮತ್ತು ನಕಲಿ ಚಿಪ್‌ಗಳನ್ನು ಒಪ್ಪುವುದಿಲ್ಲ. ಹಾಗಾಗಿ "ಅಪ್‌ಡೇಟ್ ಆದಮೇಲೆ ಕೆಟ್ಟಿತು" ಅನ್ನುವವರ ಮಾತನ್ನು ನಾನಂತೂ ತಳ್ಳಿಹಾಕುವುದಿಲ್ಲ.

ಪ್ರಶ್ನೆ: ಕಾಮ್ ಪೋರ್ಟ್ ಕಾಣುತ್ತಿದೆ, ಆದರೆ ಪ್ರೋಗ್ರಾಂ "ಪೋರ್ಟ್ ತೆರೆಯಲು ಆಗುತ್ತಿಲ್ಲ" ಅನ್ನುತ್ತದೆ.

ಕಾಮ್ ಪೋರ್ಟ್ ಅಂದರೆ ಸೀರಿಯಲ್ ಸಾಧನಕ್ಕೆ ವಿಂಡೋಸ್ ಕೊಡುವ ನಂಬರಿನ ಹೆಸರು. ಅದನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಹಿಡಿಯಬಹುದು. ಸೀರಿಯಲ್ ಮಾನಿಟರ್ (ಪೋರ್ಟಿಗೆ ಬರುವ ಡೇಟಾ ತೋರಿಸುವ ಕಿಟಕಿ) ಎಲ್ಲೋ ಹಿಂದೆ ತೆರೆದಿರುತ್ತದೆ, ಇಲ್ಲ ಹಿಂದಿನ ಸಲ ನೇತಾಡಿಕೊಂಡ ಪ್ರೋಗ್ರಾಂ ಟಾಸ್ಕ್ ಮ್ಯಾನೇಜರ್‌ನಲ್ಲಿ ಇನ್ನೂ ಉಸಿರಾಡುತ್ತಿರುತ್ತದೆ. ಅದನ್ನು ಮುಚ್ಚಿ, ಸಾಧನ ಕಿತ್ತು ಮತ್ತೆ ಹಾಕಿ.

ಅದೂ ಅಲ್ಲದಿದ್ದರೆ ನಂಬರ್ ಬದಲಾಗಿರಬಹುದು. ಸಾಧನಕ್ಕೆ ಸ್ವಂತ ಸೀರಿಯಲ್ ನಂಬರ್ ಇಲ್ಲದಿದ್ದರೆ ವಿಂಡೋಸ್ ಅದನ್ನು ಯಾವ ಪೋರ್ಟಿಗೆ ಹಾಕಿದ್ದೀರಿ ಅನ್ನುವುದರ ಮೇಲೆ ಗುರುತಿಡುತ್ತದೆ. ನಿನ್ನೆ ಎಡಗಡೆ ಹಾಕಿದಾಗ ಕಾಮ್ 4, ಇವತ್ತು ಬಲಗಡೆ ಹಾಕಿದರೆ ಕಾಮ್ 7. ಪ್ರೋಗ್ರಾಂ ಪಾಪ ಇನ್ನೂ 4ನ್ನೇ ಕಾಯುತ್ತಾ ಕೂತಿರುತ್ತದೆ. ಒಂದು ಸಾಧನಕ್ಕೆ ಒಂದೇ ಪೋರ್ಟ್ ಅಂತ ರೂಢಿ ಮಾಡಿಕೊಂಡರೆ ಈ ತಲೆನೋವು ಇಲ್ಲ. ತೀರಾ ಹಳೆಯ ಪ್ರೋಗ್ರಾಂಗಳಿಗೆ ದೊಡ್ಡ ನಂಬರ್‌ಗಳು ಕಾಣುವುದೇ ಇಲ್ಲ, ಆಗ ಪೋರ್ಟ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಒಳಗೆ ಹೋಗಿ ಚಿಕ್ಕ ನಂಬರ್ ಕೊಡಬಹುದು.

ಪ್ರಶ್ನೆ: ಡೇಟಾ ಬರುತ್ತಿದೆ, ಆದರೆ ಎಲ್ಲ ಗೀಚಿದ ಹಾಗಿದೆ.

ಬಾಡ್ ರೇಟ್, ಅಂದರೆ ಡೇಟಾ ಕಳಿಸುವ ವೇಗ, ತಾಳೆಯಾಗಿಲ್ಲ. ಸಾಧನ 115200ರಲ್ಲಿ ಮಾತಾಡುತ್ತಿದೆ, ನೀವು 9600ರಲ್ಲಿ ಕೇಳುತ್ತಿದ್ದೀರಿ. ಎರಡೂ ಕಡೆ ಒಂದೇ ಮಾಡಿ.

ಏನೂ ಬರದಿದ್ದರೆ ತಂತಿ ನೋಡಿ. ಒಬ್ಬರ ಟಿಎಕ್ಸ್ (ಕಳಿಸುವ ಪಿನ್) ಇನ್ನೊಬ್ಬರ ಆರ್‌ಎಕ್ಸ್‌ಗೆ (ಪಡೆಯುವ ಪಿನ್) ಹೋಗಬೇಕು, ಗ್ರೌಂಡ್ ಎರಡಕ್ಕೂ ಸೇರಿರಬೇಕು. ಹಳೆಯ ಒಂಬತ್ತು ಪಿನ್ನಿನ ಆರ್‌ಎಸ್-232 ಪೋರ್ಟನ್ನು ಮಾತ್ರ ನೇರವಾಗಿ ಬೋರ್ಡಿನ ಪಿನ್ನಿಗೆ ಜೋಡಿಸಬೇಡಿ. ಅದರ ಸಿಗ್ನಲ್ ಪ್ಲಸ್ 15 ವೋಲ್ಟ್‌ನಿಂದ ಮೈನಸ್ 15ರವರೆಗೂ ಹೋಗಬಹುದು, ಬೋರ್ಡ್ ತಡೆಯುವುದು 3.3 ಅಥವಾ 5. ನಡುವೆ ವೋಲ್ಟೇಜ್ ಹೊಂದಿಸುವ ಲೆವೆಲ್ ಕನ್ವರ್ಟರ್ ಬೇಕೇ ಬೇಕು.

ಪ್ರಶ್ನೆ: ಲಿನಕ್ಸ್‌ನಲ್ಲಿ "ಪರ್ಮಿಶನ್ ಡಿನೈಡ್" ಬರುತ್ತದೆ. ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಓಡಿಸಲಾ?

ಬೇಡ. ಉಬುಂಟು, ಡೆಬಿಯನ್‌ಗಳಲ್ಲಿ ಸೀರಿಯಲ್ ಪೋರ್ಟ್ ಡಯಲ್‌ಔಟ್ ಅನ್ನುವ ಗುಂಪಿಗೆ ಸೇರಿರುತ್ತದೆ. ನಿಮ್ಮನ್ನು ಆ ಗುಂಪಿಗೆ ಸೇರಿಸಿಕೊಂಡು, ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ. ಲಾಗ್‌ಔಟ್ ಮರೆತು "ಸೇರಿಸಿದರೂ ಆಗಲಿಲ್ಲ" ಅನ್ನುವವರೇ ಜಾಸ್ತಿ.

ಉಬುಂಟು 22.04ರಲ್ಲಿ ಇನ್ನೊಂದು ತಮಾಷೆ ಇತ್ತು. ಸಿಎಚ್340 ಚಿಪ್ ಇರುವ ಬೋರ್ಡ್ ಹಾಕಿದರೆ ಒಂದು ಕ್ಷಣ ಕಂಡು ಮರುಕ್ಷಣ ಮಾಯ. ಬಿಆರ್‌ಎಲ್‌ಟಿಟಿವೈ ಅನ್ನುವ ಪ್ರೋಗ್ರಾಂ ಅದನ್ನು ಬ್ರೈಲ್ ಪರದೆ ಅಂದುಕೊಂಡು ಕಿತ್ತುಕೊಳ್ಳುತ್ತಿತ್ತು. ನೀವು ಬ್ರೈಲ್ ಪರದೆ ಬಳಸುವುದಿಲ್ಲ ಅಂದರೆ ಆ ಪ್ಯಾಕೇಜ್ ತೆಗೆದುಬಿಡಿ, ಅಷ್ಟೇ.

ಪ್ರಶ್ನೆ: ಡಿಸ್ಕ್ ಹಾಕಿದ ತಕ್ಷಣ "ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳುತ್ತದೆ. ಮಾಡಲಾ?

ಕೈ ಮೌಸ್‌ನಿಂದ ತೆಗೆಯಿರಿ! ಒಳಗೆ ಬೇಕಾದ ಫೈಲ್ ಇದ್ದರೆ ಕ್ಯಾನ್ಸಲ್ ಒತ್ತಿ. "ಇನಿಶಿಯಲೈಸ್" ಅಂತ ಕೇಳಿದರೂ ಅಷ್ಟೇ.

ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಡಿಸ್ಕ್ ಅಲ್ಲಿದ್ದು ಬರೀ ಡ್ರೈವ್ ಅಕ್ಷರ (ಡಿ, ಇ ಥರದ್ದು) ಸಿಕ್ಕಿಲ್ಲ ಅಂದರೆ ರೈಟ್ ಕ್ಲಿಕ್ ಮಾಡಿ ಒಂದು ಅಕ್ಷರ ಕೊಡಿ, ಮುಗಿಯಿತು. ಲಿನಕ್ಸ್‌ನ ಇಎಕ್ಸ್‌ಟಿ4 ಅಥವಾ ಮ್ಯಾಕ್‌ನ ಫಾರ್ಮ್ಯಾಟ್ ಇದ್ದರೆ ವಿಂಡೋಸ್‌ಗೆ ಓದಲು ಬರುವುದಿಲ್ಲ, ಡಿಸ್ಕ್ ಚೆನ್ನಾಗೇ ಇರುತ್ತದೆ. ಹಾಗೇ ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಇರುವ ಡಿಸ್ಕನ್ನು ಮ್ಯಾಕ್ ಓದುತ್ತದೆ, ಬರೆಯಲು ಒಪ್ಪುವುದಿಲ್ಲ. ಎರಡೂ ಕಡೆ ಬಳಸುವುದಾದರೆ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಒಳ್ಳೆಯದು.

ಹಳೆಯ ಡಬ್ಬದಿಂದ (ಡಿಸ್ಕ್ ಕೂತಿರುವ ಹೊರಕವಚ) ಡಿಸ್ಕ್ ಬಿಚ್ಚಿ ಬೇರೆ ಡಬ್ಬಕ್ಕೆ ಹಾಕಿದ್ದೀರಾ? ಕೆಲವು ಡಬ್ಬಗಳೊಳಗಿನ ಚಿಪ್ ಡೇಟಾವನ್ನು ತಾನೇ ಗುಪ್ತ ರೂಪಕ್ಕೆ ತಿರುಗಿಸಿ ಬರೆದಿರುತ್ತದೆ, ಇನ್ನು ಕೆಲವು ಸೆಕ್ಟರ್ (ಡಿಸ್ಕಿನಲ್ಲಿ ಡೇಟಾ ಇಡುವ ಚಿಕ್ಕ ತುಂಡು) ಅಳತೆಯನ್ನು ಬೇರೆ ತೋರಿಸುತ್ತವೆ. ಹೊಸ ಡಬ್ಬಕ್ಕೆ ಅದು ಖಾಲಿ ಡಿಸ್ಕ್ ಹಾಗೆ ಕಾಣುತ್ತದೆ. ಹಳೆಯ ಡಬ್ಬವನ್ನು ಎಸೆದಿಲ್ಲ ತಾನೇ?

ಪ್ರಶ್ನೆ: ಚೆನ್ನಾಗಿ ಓಡುತ್ತಿರುತ್ತದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಕಡಿದುಹೋಗಿರುತ್ತದೆ.

ಸುಮ್ನೆ ಇದ್ದಾಗ ಕಡಿಯುತ್ತದೋ, ಕೆಲಸ ಮಾಡುವಾಗ ಕಡಿಯುತ್ತದೋ, ಮೊದಲು ಅದನ್ನು ಗಮನಿಸಿ. ಸುಮ್ನೆ ಇದ್ದಾಗ ಅಂದರೆ ವಿದ್ಯುತ್ ಉಳಿಸಲು ವಿಂಡೋಸ್ ಪೋರ್ಟನ್ನು ಮಲಗಿಸುತ್ತಿದೆ. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ ನೋಡಿ. ದೊಡ್ಡ ಫೈಲ್ ಕಾಪಿ ಮಾಡುವಾಗ ಕಡಿದರೆ ಮತ್ತೆ ಕೇಬಲ್, ಪವರ್ ಕಡೆಗೇ ಬನ್ನಿ.

ವೈರ್‌ಲೆಸ್ ಮೌಸ್ ತಡವರಿಸುತ್ತಿದ್ದರೆ ಅದರ ಪುಟ್ಟ ರಿಸೀವರ್ ಪಕ್ಕದಲ್ಲಿ ಯುಎಸ್‌ಬಿ 3.0 ಡಿಸ್ಕ್ ಇದೆಯಾ ನೋಡಿ. 3.0 ಕೇಬಲ್, ಕನೆಕ್ಟರ್‌ಗಳಿಂದ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೂ ಹರಡುತ್ತದೆ, ಮೌಸ್ ಮಾತಾಡುವುದೂ ಅಲ್ಲೇ. ರಿಸೀವರ್‌ಗೆ ಒಂದು ಮೋಟು ಎಕ್ಸ್‌ಟೆನ್ಶನ್ ಹಾಕಿ ಅರ್ಧ ಮೀಟರ್ ದೂರ ಇಟ್ಟರೆ ಸಾಕು.

ಪ್ರಶ್ನೆ: ಸಿ ಪೋರ್ಟಿಗೆ ಮಾನಿಟರ್ ಹಾಕಿದರೆ ಚಿತ್ರ ಬರುತ್ತಿಲ್ಲ, ಆದರೆ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ.

ಸಿ ಅನ್ನುವುದು ಬರೀ ತೂತಿನ ಆಕಾರದ ಹೆಸರು. ಒಳಗೆ ಏನೇನು ಹರಿಯುತ್ತದೆ ಅನ್ನುವುದು ಲ್ಯಾಪ್‌ಟಾಪ್‌ನಿಂದ ಲ್ಯಾಪ್‌ಟಾಪ್‌ಗೆ ಬೇರೆ. ಚಿತ್ರ ಬರಬೇಕಾದರೆ ಆ ಪೋರ್ಟ್‌ನಲ್ಲಿ ಚಿತ್ರ ಕಳಿಸುವ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಅಥವಾ ಥಂಡರ್‌ಬೋಲ್ಟ್ ಅನ್ನುವ ಸೌಲಭ್ಯ ಇರಬೇಕು. ಕೇಬಲ್‌ನಲ್ಲೂ ವೇಗದ ತಂತಿಗಳಿರಬೇಕು. ಫೋನ್ ಚಾರ್ಜರ್ ಜೊತೆ ಬರುವ ಸಿ ಕೇಬಲ್‌ಗಳು ಹೆಚ್ಚಾಗಿ ಯುಎಸ್‌ಬಿ 2.0 ಮಟ್ಟದವು, ಅವುಗಳಲ್ಲಿ ಚಿತ್ರ ಬರುವುದಿಲ್ಲ. ಮಾನಿಟರ್ ಜೊತೆ ಬಂದ ಕೇಬಲ್ಲನ್ನೇ ಬಳಸಿ.

ಪ್ರಶ್ನೆ: ಪ್ರಿಂಟರ್ ಪಟ್ಟಿಯಲ್ಲಿದೆ, ಆದರೆ "ಆಫ್‌ಲೈನ್" ಅಂತಿದೆ.

ಬೇರೆ ಪೋರ್ಟಿಗೆ ಹಾಕಿದ್ದೀರಿ ಅನ್ನಿಸುತ್ತದೆ. ವಿಂಡೋಸ್ ಅದನ್ನು ಇನ್ನೊಂದು ಪ್ರಿಂಟರ್ ಅಂದುಕೊಂಡು "ಕಾಪಿ 1" ಅಂತ ಸೇರಿಸಿರುತ್ತದೆ, ನೀವು ಕಳಿಸುತ್ತಿರುವುದು ಹಳೆಯದಕ್ಕೆ. ಹಳೆಯ ಪೋರ್ಟಿಗೇ ಹಾಕಿ, ಇಲ್ಲ ಹೊಸದನ್ನು ಡೀಫಾಲ್ಟ್ ಮಾಡಿ. ಸಿಕ್ಕಿಕೊಂಡ ಹಳೆಯ ಕೆಲಸಗಳನ್ನು ಕ್ಯೂನಿಂದ ಅಳಿಸಲು ಮರೆಯಬೇಡಿ.

ಪ್ರಶ್ನೆ: ಸಾಧನವೇ ಸತ್ತಿದೆ ಅಂತ ಯಾವಾಗ ತೀರ್ಮಾನ ಮಾಡುವುದು?

ಕೆಲಸ ಮಾಡುತ್ತದೆ ಅಂತ ಖಾತ್ರಿ ಇರುವ ಕೇಬಲ್‌ನಲ್ಲಿ, ಇನ್ನೊಂದು ಕಂಪ್ಯೂಟರ್‌ನಲ್ಲಿ ಹಾಕಿದಾಗಲೂ ಸದ್ದಿಲ್ಲ ಅಂದರೆ. ಅಲ್ಲಿಯವರೆಗೆ ಬೇಡ. ಮತ್ತೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್, ಪೋರ್ಟ್, ಡ್ರೈವರ್ ಮೂರನ್ನೂ ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದೇ ಇಲ್ಲ, ಕೆಟ್ಟ ಕೇಬಲ್ ಮತ್ತೆ ಡ್ರಾಯರ್ ಸೇರುತ್ತದೆ.

ಪ್ರಶ್ನೆ: ಎಲ್ಲ ಮಾಡಿದೆ, ಆಗಲಿಲ್ಲ. ಯಾರನ್ನಾದರೂ ಕೇಳುವಾಗ ಏನೇನು ಹೇಳಬೇಕು?

ಆಪರೇಟಿಂಗ್ ಸಿಸ್ಟಂ ಮತ್ತು ಅದರ ಆವೃತ್ತಿ, ಹಾರ್ಡ್‌ವೇರ್ ಐಡಿಯ ಎರಡು ನಂಬರ್, ಎರರ್ ಕೋಡ್, ಚುಚ್ಚಿದಾಗ ಸದ್ದು ಬಂತಾ ಇಲ್ವಾ, ಬೇರೆ ಕಂಪ್ಯೂಟರ್‌ನಲ್ಲಿ ಏನಾಯಿತು, ಮೊದಲು ಓಡುತ್ತಿತ್ತಾ ಅಥವಾ ಹೊಸ ಸಾಮಾನಾ. ಎರರ್ ಸಂದೇಶವನ್ನು ನೆನಪಿನಿಂದ ಬರೆಯಬೇಡಿ, ಸ್ಕ್ರೀನ್‌ಶಾಟ್ ಕೊಡಿ. ಯಾವ ಕೇಬಲ್ ಬಳಸಿದಿರಿ ಅನ್ನುವುದನ್ನೂ ಹೇಳಿ, ಯಾಕಂದರೆ ಮೊದಲು ಕೇಳುವ ಪ್ರಶ್ನೆ ಅದೇ.